ಕಡಲಾಚೆಯ ಬಾಕಿ

ಆಳಂದ ತಾಲ್ಲೂಕಿನ ಹಿರೋಳ್ಳಿ ಗಡಿಯ ಊರು. 1948ಕ್ಕೆ ಮೊದಲು ಈಚೆ ನಿಜಾಮರ ರಾಜ್ಯ, ಆಚೆ ಅಕ್ಕಲಕೋಟೆ ಸಂಸ್ಥಾನ. ಗಡಿ ದಾಟಿದರೆ ನ್ಯಾಯಾಲಯವೂ ಬೇರೆ. ಹಾಗಿರುವಾಗ, ಗಡಿ ದಾಟಿದವನ ಸಾಲ ಹಿಂದೆಯೇ ಉಳಿಯಿತೆಂದು ನಂಬುವುದು ಸುಲಭ. ಇಂದು ಕಡಲು ದಾಟಿ ಬಂದವರಲ್ಲಿಯೂ ಈ ನಂಬಿಕೆಯುಂಟು. ಇದು ಎಷ್ಟರಮಟ್ಟಿಗೆ ಸರಿ?

ಈ ಊರಿನ ತರುಣನೊಬ್ಬ ದುಬೈಯಲ್ಲಿ ದುಡಿಯುತ್ತಿದ್ದನೆಂದು ಭಾವಿಸಿರಿ. ಬ್ಯಾಂಕಿನ ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಹಣ ತೆಗೆದ. ಕೆಲಸ ಹೋಯಿತು, ಬಾಕಿ ತೀರಿಸದೆ ಊರಿಗೆ ಬಂದ. ಅವನು ಬಂದರೂ ಬಡ್ಡಿ ನಿಲ್ಲಲಿಲ್ಲ. ಅಲ್ಲಿಯ ನ್ಯಾಯಾಲಯ ಪ್ರಯಾಣಕ್ಕೆ ತಡೆ ಹಾಕಿದ್ದರೆ, ಮತ್ತೆ ಹೋದಾಗ ವಿಮಾನ ನಿಲ್ದಾಣದಲ್ಲಿಯೇ ತೊಡಕು ಎದುರಾದೀತು.

ಇನ್ನು ಇಲ್ಲಿಯ ಮಾತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಂತೆ, ಸರಕಾರ ಗೊತ್ತುಪಡಿಸಿದ ದೇಶಗಳ ಮೇಲ್ಮಟ್ಟದ ನ್ಯಾಯಾಲಯಗಳ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಬ್ರಿಟನ್, ಸಿಂಗಪುರಗಳು ಈ ಪಟ್ಟಿಯಲ್ಲಿವೆ. ಸಂಯುಕ್ತ ಅರಬ್ ಎಮಿರೇಟ್ಸ್ 2020ರ ಜನವರಿ 17ರಂದು ಸೇರಿತು. ಅಮೆರಿಕ ಪಟ್ಟಿಯಲ್ಲಿಲ್ಲ, ಅಲ್ಲಿಯ ತೀರ್ಪಿನ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು.

ಹಾಗೆಂದು ಎದೆಗುಂದಬೇಕಾಗಿಲ್ಲ. ತಂದೆ ಜಾಮೀನು ನಿಂತಿರದಿದ್ದರೆ ಮಗನ ಸಾಲಕ್ಕೆ ಅವನು ಹೊಣೆಯಲ್ಲ. ಆದರೆ ಹಿರಿಯರ ಹೊಲದಲ್ಲಿ ಮಗನಿಗಿರುವ ಪಾಲು ಜಪ್ತಿಗೆ ಒಳಗಾಗಬಹುದು. ಒಕ್ಕಲಿಗನ ವಾಸದ ಮನೆ, ಬೇಸಾಯದ ಸಲಕರಣೆ, ಅಗತ್ಯವಾದ ಎತ್ತು ಮತ್ತು ಬಿತ್ತನೆಯ ಬೀಜಗಳಿಗೆ 60ನೆಯ ಕಲಮು ರಕ್ಷಣೆ ಕೊಟ್ಟಿದೆ. ಮೋಸದಿಂದ ಪಡೆದ ಅಥವಾ ಸಹಜ ನ್ಯಾಯಕ್ಕೆ ವಿರುದ್ಧವಾದ ತೀರ್ಪನ್ನು 13ನೆಯ ಕಲಮಿನಂತೆ ಪ್ರಶ್ನಿಸಬಹುದು. ಪ್ರಾಮಾಣಿಕವಾಗಿ ಕೊಡಲಾರದ ಬಡವನನ್ನು ಸಾಲಕ್ಕಾಗಿ ಸೆರೆಗೆ ಕಳುಹಿಸಲಾಗದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಆದ್ದರಿಂದ ಮನೆಯ ಮಗ ಪರದೇಶದಿಂದ ಹೊರಡುವ ಮುನ್ನವೇ ಬಾಕಿ ತೀರಿಸಿ, ಖಾತೆ ಮುಚ್ಚಿ, ಬಾಕಿ ಇಲ್ಲವೆಂಬ ಪತ್ರವನ್ನು ಬರಹದಲ್ಲಿ ಪಡೆಯಲಿ. ಈಗಾಗಲೇ ಬಂದಿದ್ದರೆ, ಬಂದ ನೋಟೀಸನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡಬೇಡಿರಿ. ಕೂಡಲೇ ವಕೀಲರಿಗೆ ತೋರಿಸಿರಿ. ಕಂತಿಗೆ ಅಥವಾ ರಿಯಾಯಿತಿಗೆ ಬ್ಯಾಂಕನ್ನೇ ನೇರವಾಗಿ ಕೇಳಿರಿ. ದಲ್ಲಾಳಿಯ ಕೈಗೆ ಹಣ ಕೊಡಬೇಡಿರಿ. ಕಟ್ಟಿದ ಪ್ರತಿ ಕಂತಿಗೂ ರಸೀದಿ ಇಟ್ಟುಕೊಳ್ಳಿರಿ.

ಮಗನನ್ನು ಗದರಿಸುವುದು ಆಮೇಲೆ ಆಗಲಿ. ಬಾಕಿ ಎಷ್ಟು ಎಂದು ಅವನು ನಿರ್ಭಯವಾಗಿ ಹೇಳುವಂತಾದರೆ ಹೊಲ ಉಳಿಯುವ ದಾರಿ ಕಂಡೀತು.