ಬಾಲಕರ ಓದು: ಮನೆ, ಶಾಲೆ, ಮಠ
(ಶ್ರೀಮಠದ ಮಹೋತ್ಸವದಲ್ಲಿ ಮಾಡಿದ ಉಪನ್ಯಾಸ)

 

ಅಮರಕೋಶಕಾರನು ಮಠವೆಂಬ ಶಬ್ದಕ್ಕೆ ಛಾತ್ರರೇ ಮೊದಲಾದವರು ವಾಸಿಸುವ ಮನೆಯೆಂದು ಅರ್ಥ ಹೇಳಿರುವನು. ನಮ್ಮ ಸೀಮೆಯ ಹಿರಿಯರ ಬಾಯಲ್ಲಿಯೂ ಈ ಅರ್ಥವು ಬಹುಕಾಲ ಉಳಿದಿದ್ದಿತು. ಸರಕಾರಿ ಕನ್ನಡ ಶಾಲೆಗಳು ಹಬ್ಬುವದಕ್ಕೆ ಮುಂಚೆ ಹುಡುಗನು ಓದಲಿಕ್ಕೆ ಹೋಗುವದೆಂದರೆ ಐಗಳ ಮಠಕ್ಕೆ ಹೋಗುವದೆಂದೇ ತಿಳಿಯುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಮಗ್ಗಿಗಳನ್ನು ಒಪ್ಪಿಸಿ, ಮುಂದೆ ಪಾಟಿ ಬಳಪಗಳನ್ನೂ ಅಂಕಲಿಪಿಯನ್ನೂ ಹಿಡಿದು ನಮ್ಮ ಅಜ್ಜಂದಿರು ಅಕ್ಷರಸ್ಥರಾದರು. ಆದಕಾರಣ ಇಂದು ನಾನು ಷಟ್‌ಸ್ಥಲದ ವಿಚಾರವನ್ನು ಬಿಟ್ಟು ಸಣ್ಣ ಮಕ್ಕಳ ಓದಿನ ವಿಷಯವನ್ನು ಎತ್ತಿಕೊಂಡದ್ದು ಶ್ರೀಮಠಕ್ಕೆ ಹೊರಗಿನ ಮಾತಲ್ಲ.

ಮುದುವೊಳಲೆಂದು ಹೆಸರಾಗಿದ್ದ ನಮ್ಮ ಮುಧೋಳವು ಬಳೆಗಾರರ ಮನೆಯ ರನ್ನನನ್ನು ಕವಿಚಕ್ರವರ್ತಿಯಾಗಿ ಕಂಡಿತು. ಅಜಿತಸೇನಾಚಾರ್ಯರಂಥ ಗುರುಗಳ ಬಳಿಯಲ್ಲಿ ಓದುವ ಅನುಕೂಲವು ಅವನಿಗೆ ದೊರೆಯದಿದ್ದರೆ ಅವನೂ ಬಳೆಯ ಮಲಾರವನ್ನೇ ಹೊತ್ತು ಊರೂರು ತಿರುಗುತ್ತಿದ್ದನೋ ಏನೋ. ಜಮಖಂಡಿ ಮುಧೋಳಗಳು ೧೯೪೮ರ ವರೆಗೆ ಸಂಸ್ಥಾನಗಳಾಗಿದ್ದವು. ಪ್ರಜೆಗಳ ಮನೆಮಾತು ಕನ್ನಡವಾದರೂ ದರಬಾರದ ಕಾಗದಪತ್ರಗಳಲ್ಲಿ ಮರಾಠಿಯದೇ ಪ್ರಾಬಲ್ಯವು. ಈಗ ಆ ಅಡ್ಡಿಯಿಲ್ಲ. ಊರಿಗೊಂದು ಶಾಲೆಯುಂಟು, ಪುಸ್ತಕವನ್ನು ಸರಕಾರವೇ ಕೊಡುವದು. ಹೀಗಿದ್ದೂ ಓದು ಬಾರದ ಮಕ್ಕಳು ಮೇಲಿನ ಇಯತ್ತೆಗೆ ಏರುತ್ತಿರುವರೆಂಬದೇ ನನ್ನ ಚಿಂತೆ.

ದರ್ಶನಕ್ಕೆ ಬರುವ ತಂದೆತಾಯಿಗಳು ಮೂರನೆಯ ನಾಲ್ಕನೆಯ ಇಯತ್ತೆಯ ಮಗುವನ್ನು ಮುಂದೆ ನಿಲ್ಲಿಸಿ, ‘ಶಾಸ್ತ್ರಿಗಳ, ನಮ್ಮ ಹುಡುಗ ಪುಸ್ತಕ ಪಟಪಟ ಓದತಾನ್ರಿ’ ಎಂದು ಹೇಳುವದುಂಟು. ಹುಡುಗನು ಪಾಠವನ್ನು ತಡೆಯಿಲ್ಲದೆ ಹೇಳುವನು. ಬೆರಳು ಮಾತ್ರ ಎರಡು ಸಾಲು ಹಿಂದೆ ಉಳಿದಿರುವದು. ಅದೇ ಪುಟದ ನಡುವಿನ ಒಂದು ಶಬ್ದವನ್ನಷ್ಟೇ ಬಿಟ್ಟು ಉಳಿದುದನ್ನು ಅಂಗೈಯಿಂದ ಮುಚ್ಚಿ, ‘ಇದೇನಪ್ಪಾ?’ ಎಂದರೆ ಸುಮ್ಮನಾಗುವನು. ಅವನು ಕಿವಿಯಿಂದ ಕಲಿತಿದ್ದಾನೆ, ಕಣ್ಣಿನಿಂದ ಕಲಿತಿಲ್ಲ. ಸ್ಮರಣಶಕ್ತಿಯು ಒಳ್ಳೆಯದೇ, ಪಾಠಶಾಲೆಯಲ್ಲಿ ಬೆಳೆದ ನಾನು ಕಂಠಪಾಠವನ್ನು ಹೇಗೆ ಹಳಿಯಲಿ? ಆದರೆ ಕಂಠಪಾಠವನ್ನು ಓದೆಂದು ತಿಳಿದರೆ ಮಗುವಿಗೆ ಮೋಸವಾಗುವದು. ಹಿಂದೆ ವಚನದ ಓಲೆಕಟ್ಟುಗಳು ಭಕ್ತರ ಮನೆಯ ಜಗಲಿಯ ಮೇಲೆ ವಿಭೂತಿ ಪತ್ರಿಗಳಿಂದ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿಯವರು ಅವುಗಳನ್ನು ಅರಸಿ ತಂದು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಮಾಡಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದ ಮೇಲೆ ಪೂಜೆಯ ಕಟ್ಟು ಓದುವ ಪುಸ್ತಕವಾಯಿತು.

ಇನ್ನು ಅಕ್ಷರಕ್ರಮದ ಮಾತು. ನಮ್ಮ ವರ್ಣಮಾಲೆಯು ಕಂಠದಿಂದ ತುಟಿಯ ವರೆಗೆ ಉಚ್ಚಾರಸ್ಥಾನಗಳನ್ನು ಅನುಸರಿಸಿ ನಿಂತ ಅಪೂರ್ವ ಶಾಸ್ತ್ರವು. ಆದರೆ ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಹುಟ್ಟಿ ಆಮೇಲೆ ನಾಡಿನ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂದು ಆರಂಭವಾಗುವದನ್ನು ಕಂಡು ಹಿರಿಯರು ಮೂಗು ಮುರಿಯುವರು. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ದೋಷವಿಲ್ಲ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಗರಗಸ ಎಂಬ ಶಬ್ದಗಳು ಕೂಡಲೆ ಕೈಗೆ ಬರುವವು. ಅಕ್ಷರವು ಅರ್ಥ ಕೊಡುವದೆಂದು ಮಗುವಿಗೆ ವಾರದೊಳಗೆ ತಿಳಿಯುವದು. ವರ್ಣಮಾಲೆಯನ್ನು ಅಜ್ಜಿಯು ಹಾಡಿನಂತೆ ಬಾಯಿಪಾಠ ಮಾಡಿಸಲಿ, ಎರಡಕ್ಕೂ ವಿರೋಧವಿಲ್ಲ.

ಮಗುವು ನಿಜವಾಗಿ ಎಡವುವದು ಕಾಗುಣಿತದಲ್ಲಿ. ವ್ಯಂಜನಗಳು ೩೪, ಒಂದೊಂದಕ್ಕೆ ೧೨ ರೂಪಗಳೆಂದರೆ ೪೦೮ ಆದವು. ಇಷ್ಟನ್ನೂ ಬೇರೆ ಬೇರೆಯಾಗಿ ಉರು ಹೊಡೆಸುವದು ವ್ಯರ್ಥ ಶ್ರಮವು. ಬನಹಟ್ಟಿಯ ನೇಕಾರರಿಗೆ ನಾನು ಹೇಳಬೇಕಾದದ್ದಿಲ್ಲ: ವ್ಯಂಜನವು ಹಾಸು, ಸ್ವರವು ಹೊಕ್ಕು. ತಲಕಟ್ಟು, ಇಳಿ, ಗುಡಿಸು, ಕೊಂಬುಗಳ ಗುರುತು ಹಿಡಿದ ಮಗುವು ಯಾವ ಹಾಸಿನಲ್ಲಿಯೂ ಹೊಕ್ಕನ್ನು ಕಾಣುವದು. ಪು, ವುಗಳಲ್ಲಿ ಮಾತ್ರ ಕೊಂಬು ಬಲಕ್ಕೆ ನಿಲ್ಲದೆ ಕೆಳಗೆ ಜೋತುಬೀಳುವದು. ಬಲಕ್ಕೆ ಇದ್ದರೆ ವು ಎಂಬದು ಮ ಆಗಿ ಕಾಣುವದೆಂದು ಕಾರಣ ಹೇಳಿದರೆ ಮಕ್ಕಳು ಮರೆಯುವದಿಲ್ಲ. ಒತ್ತಕ್ಷರಗಳಲ್ಲಿ ಮೊದಲು ಅಪ್ಪ, ಅಕ್ಕ, ಅಣ್ಣ, ಬೆಲ್ಲ. ತರುವಾಯ ಭಕ್ತ, ಶಿಷ್ಯ. ಧರ್ಮ ಎಂಬಲ್ಲಿ ರಕಾರವು ಬಾಯಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಮಕಾರದ ಆಚೆಗೆ ಕೂಡುವದರಿಂದ ಅದನ್ನು ಕಡೆಗೆ ಇಡಬೇಕು.

ಇನ್ನೊಂದು ಮಾತನ್ನು ಶಿಕ್ಷಕರು ಕ್ಷಮಿಸಿ ಕೇಳಬೇಕು. ಪುಸ್ತಕದಲ್ಲಿ ಮನೆ, ಶಾಲೆ, ಕುದುರೆ ಎಂದಿರುವದನ್ನು ನಮ್ಮ ಮಕ್ಕಳು ಮನಿ, ಸಾಲಿ, ಕುದರಿ ಎಂದು ಓದುವರು. ಇದಕ್ಕಾಗಿ ಗದರಿಸುವದು ಸಲ್ಲದು. ಆ ಮಗುವು ಅರ್ಥವನ್ನು ಹಿಡಿದಿದೆ. ತನ್ನ ತಾಯಿಯ ಮಾತಿನಲ್ಲಿ ಹೇಳಿದೆ. ‘ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರದಾರ, ಕಡೀ ಅಕ್ಷರ ನೋಡು’ ಎಂದರೆ ಸಾಕು. ಗದರಿಕೆಯನ್ನು ತಿಂದ ಮಗುವು ಮರುದಿನದಿಂದ ದನಿಯೆತ್ತಿ ಓದುವದನ್ನೇ ಬಿಡುವದು.

‘ನಮಗೆ ಅಕ್ಷರ ಬರೂದಿಲ್ರಿ, ಹೆಂಗ ಕಲಸೋಣು?’ ಎಂದು ತಾಯಂದಿರು ಕೇಳುವರು. ತಾಯಿಗೆ ಬೇಕಾದದ್ದು ಕಿವಿ. ಕಂಡಿಕೆ ಸುತ್ತುವಾಗ, ರೊಟ್ಟಿ ಬಡಿಯುವಾಗ ಮಗುವನ್ನು ಬಳಿಯಲ್ಲಿ ಕೂಡ್ರಿಸಿಕೊಂಡು ಒಂದು ವಚನವನ್ನು ಓದಿಸಿರಿ. ಭಜನೆಯಲ್ಲಿ ಕೇಳಿ ನಿಮಗೆ ಬಾಯಿಗೆ ಬಂದಿರುವ, ಮಗುವಿಗೆ ಬಾರದ ವಚನವಾಗಿರಬೇಕು; ಅದು ತಪ್ಪಿದರೆ ನಿಮಗೆ ತಿಳಿಯುವದು, ಊಹಿಸಿ ಹೇಳಲು ಅದಕ್ಕೆ ಸಾಧ್ಯವಾಗದು. ವಿದ್ಯುತ್ ಮಗ್ಗದ ಸಪ್ಪಳವಿರುವ ಮನೆಗಳಲ್ಲಿ ಮಗ್ಗ ನಿಂತ ಹೊತ್ತನ್ನು ನೋಡಿಕೊಳ್ಳಬೇಕು. ಮಗುವು ಅಳುವದೆಂದು ಮೊಬೈಲನ್ನು ಕೈಗೆ ಕೊಟ್ಟು ಕೂಡ್ರಿಸಿದವರು ಆಮೇಲೆ ಪುಸ್ತಕ ಹಿಡಿಯುವದಿಲ್ಲವೆಂದು ನಮ್ಮ ಮುಂದೆ ದೂರು ತರಬಾರದು.

ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ಕಡೆಯ ಮನೆಗಳನ್ನೂ, ಕಬ್ಬಿನ ಕಟಾವಿನ ಕಾಲಕ್ಕೆ ತಂದೆತಾಯಿಗಳ ಬೆನ್ನು ಹತ್ತಿ ಶಾಲೆ ತಪ್ಪಿಸುವ ಮಕ್ಕಳನ್ನೂ ಶ್ರೀಮಠವು ಮರೆಯಲಾಗದು. ಅವರಿಗೆ ಹತ್ತಿರದ ಗುಡಿಯ ಕಟ್ಟೆಯ ಮೇಲೆಯೇ ಸಾಯಂಕಾಲ ಒಂದು ತಾಸು ಕೂಡ್ರುವ ತರುಣರು ಬೇಕು.

ಬರುವ ಶ್ರಾವಣದಲ್ಲಿ ಪುರಾಣವು ಆರಂಭವಾಗುವ ಮುಂಚೆ ದಿನಕ್ಕೆ ಇಬ್ಬರು ಮಕ್ಕಳು, ಒಬ್ಬ ಹುಡುಗ ಒಬ್ಬ ಹುಡುಗಿ, ಅಂದೇ ತೆರೆದ ಪುಟದಿಂದ ಒಂದೊಂದು ವಚನವನ್ನು ಓದಲಿ. ನಿಧಾನವಾಗಿ ಓದಿದರೂ ಸಭೆಯು ಕಾಯಲಿ, ನಡುವೆ ಯಾರೂ ಹೇಳಿಕೊಡಬಾರದು. ದಪ್ಪ ಅಕ್ಷರದ ಪುಸ್ತಕಗಳನ್ನು ಮಠದ ಗ್ರಂಥಭಾಂಡಾರದಿಂದ ಮನೆಗಳಿಗೆ ಒಯ್ಯಗೊಡುವ ಅಪ್ಪಣೆಯನ್ನು ಶ್ರೀಗಳವರಲ್ಲಿ ಬೇಡಿಕೊಳ್ಳುತ್ತೇನೆ. ಹರಿದು ಬಂದ ಪುಟಗಳಿಗೆ ಅಂಟು ಹಚ್ಚುವ ಕೆಲಸವು ನನ್ನದಿರಲಿ.