ಮಂಜೂರಾತಿಯೂ ವೆಚ್ಚವೂ ಒಂದಲ್ಲ



2017ರ ಸೆಪ್ಟೆಂಬರ್ 14ರಂದು ಭಾರತ ಮತ್ತು ಜಪಾನ್ ದೇಶಗಳ ಪ್ರಧಾನಮಂತ್ರಿಗಳು ಅಹಮದಾಬಾದಿನಲ್ಲಿ ಬುಲೆಟ್ ರೈಲು ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಹದಿನೈದು ದಿನಗಳ ತರುವಾಯ, ಅದೇ ತಿಂಗಳ 29ರಂದು, ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ ಕಾಲ್ತುಳಿತ ಉಂಟಾಗಿ 23 ಮಂದಿ ಪ್ರಾಣ ಕಳೆದುಕೊಂಡರು. ಅಂದಿನಿಂದ ಈ ಎರಡೂ ಘಟನೆಗಳು ರಾಜಕೀಯ ಚರ್ಚೆಯಲ್ಲಿ ಒಂದಕ್ಕೊಂದು ಎದುರಾಗಿ ನಿಂತಿವೆ.

“ಬುಲೆಟ್ ರೈಲಿನ ಹಣವನ್ನು ಲೋಕಲ್ ರೈಲಿಗೆ ಹಾಕಿರಿ” ಎಂಬುದು ವಿರೋಧಿಗಳ ಮಾತು. ಇದು ಅರ್ಧ ಸತ್ಯ. 508 ಕಿಲೋಮೀಟರುಗಳ ಮಾರ್ಗಕ್ಕೆ ಅಂದಿನ ಅಂದಾಜು ವೆಚ್ಚ ಸುಮಾರು 1,08,000 ಕೋಟಿ ರೂಪಾಯಿ. ಅದರಲ್ಲಿ ಶೇಕಡಾ 81ರಷ್ಟು ಜಪಾನಿನ ಸಾಲ. ಆ ಸಾಲ ಈ ಯೋಜನೆಗೆಂದೇ ದೊರೆತದ್ದು. ಅದನ್ನು ಮೇಲ್ಸೇತುವೆಯ ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಆದರೆ ಮಹಾರಾಷ್ಟ್ರ ಮತ್ತು ಗುಜರಾತ್ ತಲಾ 5,000 ಕೋಟಿ ರೂಪಾಯಿಗಳ ಪಾಲು ಬಂಡವಾಳ ಹೂಡಬೇಕು. ಅದು ರಾಜ್ಯದ ತೆರಿಗೆದಾರರ ಹಣ. ಅದರ ಬಗ್ಗೆ ಪ್ರಶ್ನಿಸುವುದು ನ್ಯಾಯ.

“ಶೇಕಡಾ 0.1 ಬಡ್ಡಿ, 50 ವರ್ಷಗಳ ಅವಧಿ, ಮೊದಲ 15 ವರ್ಷ ಅಸಲು ಕಟ್ಟಬೇಕಿಲ್ಲ, ಇದು ಪುಕ್ಕಟೆ ಸಾಲ” ಎಂಬುದು ಸಮರ್ಥಕರ ಮಾತು. ಇದೂ ಅರ್ಧ ಸತ್ಯವೇ. ಸಾಲ ಯೆನ್ ನಾಣ್ಯದಲ್ಲಿದೆ, ಟಿಕೆಟಿನ ಆದಾಯ ಬರುವುದು ರೂಪಾಯಿಯಲ್ಲಿ. ಯೆನ್ ಬೆಲೆ ಏರಿದರೆ ಅಸಲಿನ ಹೊರೆಯೇ ಬೆಳೆಯುತ್ತದೆ. ಆ ಹೊರೆಯನ್ನು ಹೊರುವವರು ಇಂದು ಮತ ಹಾಕುವವರಲ್ಲ, ಅವರ ಮೊಮ್ಮಕ್ಕಳು.

ಇಬ್ಬರೂ ಮರೆಯುವ ಸಂಗತಿ ಬೇರೊಂದಿದೆ. ಎಲ್ಫಿನ್‌ಸ್ಟನ್ ರೋಡಿನಲ್ಲಿ ಹೊಸ ಮೇಲ್ಸೇತುವೆಗೆ ದುರಂತಕ್ಕೆ ಮೊದಲೇ ಮಂಜೂರಾತಿ ದೊರೆತಿತ್ತು. ಅಲ್ಲಿ ಕೊರತೆಯಾದದ್ದು ಜಪಾನಿನ ಸಾಲವಲ್ಲ. ಮಂಜೂರಾದದ್ದನ್ನು ಕಾಲಕ್ಕೆ ಸರಿಯಾಗಿ ಕಟ್ಟುವ ಹೊಣೆ. ದುರಂತದ ನಂತರ ಸೇನೆಯನ್ನು ಕರೆಸಲಾಯಿತು. 2018ರ ಫೆಬ್ರವರಿಯಲ್ಲಿ ಸೇತುವೆ ಜನರಿಗೆ ತೆರೆಯಿತು. ಕೆಲವೇ ತಿಂಗಳುಗಳಲ್ಲಿ ಆಗಬಹುದಾದ ಕೆಲಸಕ್ಕೆ 23 ಜೀವಗಳ ಬೆಲೆ ತೆರಬೇಕಾಯಿತು.

ಮುಂಗಡಪತ್ರದಲ್ಲಿ ಬರೆದ ಅಂಕಿ ಸೇತುವೆಯಾಗುವುದಿಲ್ಲ. ಲೆಕ್ಕಪತ್ರ ಬಲ್ಲ ವ್ಯಾಪಾರಿ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಿರಲಿ, ಅವರ ಮುಂದೆ ಇಡಬೇಕಾದ ಪ್ರಶ್ನೆಗಳು ಮೂರು: ಎಷ್ಟು ಮಂಜೂರಾಯಿತು? ಅದರಲ್ಲಿ ಎಷ್ಟು ವೆಚ್ಚವಾಯಿತು? ಉಳಿದ ಕೆಲಸ ಯಾವ ದಿನಾಂಕಕ್ಕೆ ಮುಗಿಯುತ್ತದೆ, ಮುಗಿಯದಿದ್ದರೆ ಉತ್ತರ ಕೊಡುವವರು ಯಾರು? ವೇಗದ ರೈಲು ಬೇಕೋ ಬೇಡವೋ ಎಂಬ ವಾದ ಈ ಮೂರು ಉತ್ತರಗಳ ನಂತರ ನಡೆಯಲಿ.