ಇಂದಿನ ನಾಟಕಕಾರನ ಕಸುಬು

(ಸಂಘದ ನಾಟಕ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವ ಹತ್ತಿರ ಬಂತೆಂದರೆ "ಆಡಲು ನಾಟಕ ಯಾವುದಿದೆ?" ಎಂಬ ಹುಡುಕಾಟ ನಮ್ಮಲ್ಲಿ ತಪ್ಪಿದ್ದಲ್ಲ. ಕಡೆಗೆ ಎಂದೋ ಆಡಿದ ನಗೆನಾಟಕವನ್ನೇ ಮತ್ತೆ ಆಡಿ ಮುಗಿಸುತ್ತೇವೆ. ನಮ್ಮ ಬಾಳಿನ ನಾಟಕವನ್ನು ನಾವೇ ಏಕೆ ಬರೆಯಬಾರದು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂದಿನ ನಾಟಕಕಾರನ ಕಸುಬನ್ನೂ ಅವನ ಕಷ್ಟವನ್ನೂ ನೋಡೋಣ.

ಕಸುಬು ಎಂಬ ಮಾತನ್ನು ಬೇಕೆಂದೇ ಆಡುತ್ತಿದ್ದೇವೆ. ಕಥೆ ಬರೆಯುವವನು "ಹತ್ತು ವರ್ಷ ಕಳೆಯಿತು" ಎಂದು ಒಂದೇ ಸಾಲಿನಲ್ಲಿ ಮುಂದೆ ಹೋಗಬಲ್ಲ. ನಾಟಕಕಾರನಿಗೆ ಆ ಸೌಕರ್ಯವಿಲ್ಲ. ನಟನು ವೇಷ ಬದಲಿಸಬೇಕು, ಮನೆ ಹೋಗಿ ಅರಮನೆ ಆಗಬೇಕು, ಅಷ್ಟರಲ್ಲಿ ಜನ ಎದ್ದು ಹೋಗಬಾರದು. ಹಳೆಯ ಪಾರ್ಸಿ ಕಂಪನಿಗಳು ಇದಕ್ಕೊಂದು ಉಪಾಯ ಕಂಡಿದ್ದವು. ಒಂದು ಪರದೆ ಇಳಿಸಿ, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ದೃಶ್ಯ ನಡೆಸುವುದು. ಅಷ್ಟರಲ್ಲಿ ಹಿಂದೆ ಅರಮನೆ ಸಿದ್ಧವಾಗುವುದು.

ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟವಾದ 'ತುಘಲಕ್' ನಾಟಕದಲ್ಲಿ ಇದೇ ಉಪಾಯವನ್ನು ಕೈಗೆತ್ತಿಕೊಂಡರು. ಸುಲ್ತಾನನ ದೃಶ್ಯಗಳು ಒಳಗೆ. ಅಜೀಜ್, ಆಜಂ ಎಂಬ ಇಬ್ಬರು ಮೋಸಗಾರರ ಆಟ ಹೊರಗೆ. ಆದರೆ ಕಡೆಯಲ್ಲಿ ಅಗಸ ಅಜೀಜನು ಒಳಗಿನ ಅರಮನೆಗೇ ಬಂದು ಸುಲ್ತಾನನ ಎದುರು ನಿಲ್ಲುತ್ತಾನೆ. ರಾಜ್ಯ ಹೇಗೆ ಕೆಟ್ಟಿತೆಂದು ಯಾರೂ ಬೇರೆ ಭಾಷಣ ಮಾಡಬೇಕಾಗಿಲ್ಲ. ಅವರಿಬ್ಬರು ಎದುರುಬದುರು ನಿಂತದ್ದೇ ಹೇಳುತ್ತದೆ. ಪರದೆ ಎಳೆಯುವವನ ಅನುಕೂಲಕ್ಕೆಂದು ಹುಟ್ಟಿದ ಪದ್ಧತಿ ನಾಟಕದ ಅರ್ಥವೇ ಆಯಿತು. ಇದು ಕಸುಬು.

ಇನ್ನೊಂದು ಮಾತು. ತುಘಲಕನು ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಒಯ್ದದ್ದು 14ನೆಯ ಶತಮಾನದಲ್ಲಿ. ಆದರೆ ನಾಟಕ ಕಂಡವರು ಅದರಲ್ಲಿ ತಮ್ಮ ಕಾಲದ ಕನಸು ಮುರಿದದ್ದನ್ನೇ ಕಂಡರು. ಹಾಗಾದರೆ ಇಂದಿನ ನಾಟಕವೆಂದರೆ ಇಂದಿನ ಪತ್ರಿಕೆಯ ಸುದ್ದಿಯಲ್ಲ. ಇಂದಿನವರು ಉತ್ತರ ಹೇಳಬೇಕಾದ ಪ್ರಶ್ನೆ ಅದರಲ್ಲಿರಬೇಕು.

ಹಾಗೆಂದು ನಮ್ಮ ಕಣ್ಣೆದುರಿನ ಸಂಗತಿ ಬೇಡವೆಂದಲ್ಲ. ಈ ಮುಂಬಯಿಯಲ್ಲೇ ಅಣ್ಣಾಭಾವು ಸಾಠೆಯವರು ಗಿರಣಿಯಲ್ಲಿ ದುಡಿದು, ತಮಾಶಾದ ಧಾಟಿಯನ್ನು ಹಿಡಿದು, ಕೂಲಿಕಾರರ ಮುಂದೆ ಲೋಕನಾಟ್ಯ ಆಡಿಸಿದರು. 1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ನಮ್ಮವರೂ ಅದರಲ್ಲಿದ್ದರು. ಇಷ್ಟು ಜನರನ್ನು ರಂಗದ ಮೇಲೆ ತರುವುದು ಹೇಗೆ? ಮರಾಠಿಯ ಜಯಂತ ಪವಾರರು 'ಅಧಾಂತರ' ನಾಟಕದಲ್ಲಿ ಮೆರವಣಿಗೆ ತರಲಿಲ್ಲ. ಒಬ್ಬ ಗಿರಣಿ ಕಾರ್ಮಿಕನ ಕುಟುಂಬವನ್ನು ತಂದರು. ಗಿರಣಿಯ ಭೋಂಗಾ ನಿಂತ ಮೇಲೆ ಆ ಮನೆಯೊಳಗೆ ಏನೇನು ಮುರಿಯಿತೆಂದು ತೋರಿಸಿದರು. ಲಕ್ಷ ಜನರ ಸಂಕಟ ಒಂದು ಮನೆಯೊಳಗೆ ಹಿಡಿಸಿತು. ಬರೆಯಹೊರಟ ನಮ್ಮ ಗೆಳೆಯರು ಇದನ್ನು ನೆನಪಿಡಬೇಕು.

ಮುಂದಿನ ತೊಡಕು ಭಾಷೆಯದು. ಟಿ. ಪಿ. ಕೈಲಾಸಂ ಅವರು ಇಂಗ್ಲಿಷು ಬೆರೆತ ಮನೆಮಾತನ್ನೇ ರಂಗಕ್ಕೆ ತಂದು, ಗ್ರಾಂಥಿಕ ಕನ್ನಡಕ್ಕೆ ರಜೆ ಕೊಟ್ಟರು. ನಮ್ಮ ಪಾಡು ಇನ್ನೂ ವಿಚಿತ್ರ. ಅಡಿಗೆಮನೆಯಲ್ಲಿ ತುಳು, ಗಲ್ಲಾದಲ್ಲಿ ಕನ್ನಡ, ಗಿರಾಕಿಯೊಡನೆ ಹಿಂದಿ, ಚಾಳಿನಲ್ಲಿ ಮರಾಠಿ. ಎಲ್ಲವನ್ನೂ ಪುಸ್ತಕದ ಕನ್ನಡದಲ್ಲಿ ಬರೆದರೆ ಸುಳ್ಳಾಗುತ್ತದೆ. ಎಲ್ಲವನ್ನೂ ಇದ್ದಂತೆಯೇ ಬರೆದರೆ ಕುಂದಾಪುರದವನ ಮಾತು ವಿಜಾಪುರದವನಿಗೆ ತಿಳಿಯದೆ ಹೋದೀತು. ಕಥೆ ನಿಂತಿರುವ ಮಾತು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ. ಉಳಿದ ಭಾಷೆ ಸಂದರ್ಭದಿಂದಲೇ ಅರ್ಥವಾಗುವ ಕಡೆ ಬರಲಿ.

ಮಾತು ಹೆಚ್ಚಾಗಬಾರದು. ಒಬ್ಬ ಮಾಣಿ ಹೇಳುತ್ತಾನೆ: "ಊರಿಂದ ಫೋನ್ ಬಂದಿತ್ತು ಧಣಿ, ಅಮ್ಮನಿಗೆ ಜೋರಾಗಿದೆಯಂತೆ." ಧಣಿ ಹೇಳುತ್ತಾನೆ: "ನಾಲ್ಕನೇ ಟೇಬಲ್ ಒರಸು." ಎರಡೇ ಮಾತು. ರಜೆ ಎಂಬ ಶಬ್ದ ಇಬ್ಬರ ಬಾಯಲ್ಲೂ ಬರಲಿಲ್ಲ. ಆದರೆ ಹೋಟೆಲಿನಲ್ಲಿ ದುಡಿದವನಿಗೆ ಉಳಿದುದೆಲ್ಲ ತಿಳಿಯಿತು.

ಈಗ ಎಲ್ಲಕ್ಕಿಂತ ಕಠಿಣವಾದ ಮಾತು. ನಾಟಕಗಳನ್ನು ಹತ್ತಿಕ್ಕಲು ಬ್ರಿಟಿಷರು 1876ರಲ್ಲಿ ಮಾಡಿದ ಕಾಯಿದೆಯನ್ನು 2018ರಲ್ಲಿ ತೆಗೆದುಹಾಕಲಾಯಿತು. 1972ರಲ್ಲಿ ವಿಜಯ ತೆಂಡೂಲ್ಕರರ 'ಸಖಾರಾಮ್ ಬೈಂಡರ್' ನಾಟಕಕ್ಕೆ ತಡೆ ಬಂದಾಗ ನಿರ್ದೇಶಕ ಕಮಲಾಕರ ಸಾರಂಗರು ಹೈಕೋರ್ಟಿಗೆ ಹೋಗಿ ಗೆದ್ದರು. ಸರಕಾರದ ತಡೆಗೆ ಕೋರ್ಟು ಉಂಟು. ಮುಂದಿನ ಸಾಲಿನ ಕುರ್ಚಿಯ ಭಯಕ್ಕೆ ಯಾವ ಕೋರ್ಟು? ಹಾಲಿನ ಬಾಡಿಗೆಗೆ, ಬಣ್ಣಕ್ಕೆ, ದೀಪಕ್ಕೆ ನಾವು ಕೈಚಾಚುವುದು ಧಣಿಗಳ ಮುಂದೆಯೇ. ಹನ್ನೆರಡು ತಾಸು ದುಡಿಯುವ ಹುಡುಗನ ಕಥೆಯನ್ನು ಅವರ ಎದುರಿಗೇ ಆಡುವೆವೆ? ಬರೆಯುವ ಮೊದಲೇ ನಮ್ಮ ಲೇಖನಿ ನಿಲ್ಲುವುದು ಇಲ್ಲಿಯೇ.

ಇದಕ್ಕೆ ದಾರಿ ನಮ್ಮ ತಾಳಮದ್ದಳೆಯಲ್ಲಿದೆ. ಕೌರವನ ಅರ್ಥ ಹೇಳುವವನು ಸುಮ್ಮನೆ ಸೋಲುತ್ತಾನೆಯೆ? ಕೃಷ್ಣನ ಬಾಯಿ ಕಟ್ಟುವಂತೆ ವಾದ ಹೂಡುತ್ತಾನೆ. ಅದಕ್ಕೇ ಜನ ಬೆಳಗಿನ ತನಕ ಕೂತಿರುವುದು. ಧಣಿಯೂ ಒಂದು ಕಾಲದಲ್ಲಿ ಕಪ್ಪುಬಸಿ ತೊಳೆದವನಿರಬಹುದು. ಅವನಿಗೂ ಬಾಡಿಗೆ, ಸಾಲ, ಪರವಾನಗಿಯ ಕಾಟವಿರಬಹುದು. ಅವನ ವಾದವನ್ನು ಪೂರ್ತಿ ಬಲದಿಂದ ಅವನ ಬಾಯಲ್ಲಿ ಹಾಕೋಣ. ಆಮೇಲೂ ಆ ಹುಡುಗನ ಪ್ರಶ್ನೆ ಉಳಿದರೆ, ಅದನ್ನು ತಳ್ಳಿಹಾಕಲು ಯಾರಿಂದಲೂ ಆಗದು. ಧಣಿಯನ್ನು ರಾಕ್ಷಸನೆಂದು ಚಿತ್ರಿಸಿದರೆ ಅದು ಕರಪತ್ರವಾದೀತು, ನಾಟಕವಾಗದು. ಮುಂದಿನ ಸಾಲಿನವರೂ "ಇದು ನಾವಲ್ಲ" ಎಂದು ನಕ್ಕು ಎದ್ದಾರು. ಜೊತೆಗೆ, ಕೈಚಾಚುವುದೂ ಕಡಿಮೆಯಾಗಲಿ. ಸದಸ್ಯರು ತಿಂಗಳಿಗೊಂದು ಚಹಾದ ದುಡ್ಡು ಕೂಡಿಸಿದರೂ ಚಿಕ್ಕ ನಾಟಕಕ್ಕೆ ಆಧಾರವಾದೀತು.

ಕೊನೆಗೆ ಒಂದು ಸಲಹೆ. ಮೂರಂಕದ ನಾಟಕ ಸದ್ಯಕ್ಕೆ ಬೇಡ. ಒಂದೇ ಜಾಗ, ಮೂರೇ ಪಾತ್ರ, ಅರ್ಧ ಗಂಟೆಯ ಆಟ. ಪಾಳಿ ಬೇರೆ ಬೇರೆಯಾದರೂ ಮೂವರು ಒಟ್ಟಿಗೆ ಸಿಗುವುದು ಸಾಧ್ಯ. ಮೂವರಲ್ಲಿ ಒಂದಾದರೂ ಹೆಣ್ಣಿನ ಪಾತ್ರವಿರಲಿ. ಊರಲ್ಲಿ ಉಳಿದ ಹೆಂಡತಿ, ಚಾಳಿನಲ್ಲಿ ಮನೆ ತೂಗಿಸಿದ ತಾಯಿ ನಮ್ಮ ನಾಟಕಗಳಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಬರೆದುದನ್ನು ವಿದ್ವಾಂಸರಿಗೆ ತೋರಿಸುವ ಮೊದಲು ರಾತ್ರಿ ಕೆಲಸ ಮುಗಿಸಿ ಬಂದವರ ನಡುವೆ ಓದಿರಿ. ಅವರು ಆಕಳಿಸಿದ ಕಡೆ ಗೆರೆ ಎಳೆಯಿರಿ. "ಹೀಗಲ್ಲ ಮಾರಾಯ, ಅವನು ಹಾಗೆ ಮಾತಾಡುವವನಲ್ಲ" ಎಂದು ಒಬ್ಬನು ಜಗಳಕ್ಕೆ ಬಂದನೋ, ನಾಟಕ ಹುಟ್ಟಿತೆಂದು ತಿಳಿಯಿರಿ.

ಬರುವ ವಾರ್ಷಿಕೋತ್ಸವಕ್ಕೆ ಅಂಥದೊಂದು ನಾಟಕ ನಮ್ಮಲ್ಲೇ ಯಾರಾದರೂ ಬರೆದು ತರಲಿ. ಅದನ್ನು ಆಡಿಸುವ ಹೊಣೆ ನಮ್ಮದು.